ಅತ್ತಿಯೊಳಗೆ ಮದುವೆ, ಮರುಭೂಮಿಯಾಚೆ ಹೆರಿಗೆ

ಅತ್ತಿಹಣ್ಣು ಬಿಡಿಸಿದರೆ ಹುಳ. ಇಷ್ಟು ನಮಗೆಲ್ಲ ಗೊತ್ತು. ಆದರೆ ಆ ಹುಳದ ಕಥೆ ಗೊತ್ತಾದರೆ ಅತ್ತಿಮರದ ಕೆಳಗೆ ಸುಮ್ಮನೆ ಹಾದುಹೋಗಲು ಕಾಲೇ ಬಾರದು!

ಇನ್ನೇನು ಹಣ್ಣಾಗಲಿರುವ ಒಂದು ಕಾಯಿಯನ್ನು ಸೀಳಿ, ಭೂತಗನ್ನಡಿ ಹಿಡಿದು ನೋಡಿ. ಒಳಗೋಡೆಯ ತುಂಬ ನೂರಾರು ಪುಟ್ಟ ಹೂಗಳು. ಕಾಯಿ ಎಂದು ನಾವು ಕರೆಯುವುದು ಒಳಮುಖವಾಗಿ ಅರಳಿದ ಹೂಗೊಂಚಲನ್ನೇ. ಕೆಲವು ಹೂಗಳು ಉಬ್ಬಿ ಗಂಟಾಗಿವೆ, ಒಂದೊಂದು ಗಂಟಿನೊಳಗೂ ಒಂದೊಂದು ಕಣಜ. ಮೊದಲು ಹೊರಬರುವುದು ಗಂಡು. ಮಾಸಲು ಬಣ್ಣ, ಗಟ್ಟಿ ದವಡೆ, ರೆಕ್ಕೆಯೇ ಇಲ್ಲ! ಕತ್ತಲಲ್ಲಿ ತೆವಳುತ್ತ ಹೆಣ್ಣಿರುವ ಗಂಟನ್ನು ಹುಡುಕುತ್ತಾನೆ, ಅದಕ್ಕೆ ತೂತು ಕೊರೆಯುತ್ತಾನೆ, ಅವಳು ಹೊರಜಗತ್ತನ್ನು ಕಾಣುವ ಮೊದಲೇ ಮಿಲನ ಮುಗಿಸುತ್ತಾನೆ. ಆಮೇಲೆ ಗಂಡುಗಳೆಲ್ಲ ಸೇರಿ ಕಾಯಿಯ ಗೋಡೆಯಲ್ಲಿ ಸುರಂಗ ತೋಡುತ್ತವೆ. ಆ ದಾರಿ ಅವುಗಳಿಗಲ್ಲ. ಅವು ಅಲ್ಲೇ ಸಾಯುತ್ತವೆ, ಇಲ್ಲವೇ ಹೊರಗೆ ಉದುರಿ ಇರುವೆಗಳ ಪಾಲಾಗುತ್ತವೆ.

ಹಾರುವುದು ಹೆಣ್ಣು, ಸುಮಾರು ಎರಡು ಮಿಲಿಮೀಟರ್ ಉದ್ದದವಳು. ಎದೆಯ ಬಳಿಯ ಪುಟ್ಟ ಜೇಬುಗಳಲ್ಲಿ ಪರಾಗ ತುಂಬಿಕೊಂಡು ಹೊರಡುತ್ತಾಳೆ. ಒಂದು ಮರದ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬಲಿಯುವುದರಿಂದ ಹುಟ್ಟಿದ ಮರದಲ್ಲಿ ಅವಳಿಗೆ ಜಾಗವಿಲ್ಲ, ಬೇರೆ ಮರ ಸಿಗಲೇಬೇಕು. ಆಯುಸ್ಸೋ, ಒಂದೆರಡು ದಿನ!

ಎಷ್ಟು ದೂರ ಹೋದಾಳು? ನಮೀಬಿಯಾದ ಒಣ ನದಿಯೊಂದರ ದಡದಲ್ಲಿ, ಮರುಭೂಮಿಯ ನಡುವೆ, ಒಂದರಿಂದೊಂದು ದೂರದೂರ ನಿಂತ ಅತ್ತಿಯ ಬಳಗದ ಮರಗಳಿವೆ. ವಿಜ್ಞಾನಿಗಳು ಅಲ್ಲಿನ ಪ್ರತಿ ಮರದ ಡಿಎನ್‌ಎ ಓದಿ, ಅವುಗಳ ಬೀಜಗಳಿಗೆ ತಂದೆ ಯಾವ ಮರ ಎಂದು ಪತ್ತೆಹಚ್ಚಿದರು. 2009ರಲ್ಲಿ ಉತ್ತರ ಪ್ರಕಟವಾಯಿತು: ಪರಾಗ 160 ಕಿಲೋಮೀಟರ್‌ವರೆಗೂ ಪಯಣಿಸಿತ್ತು! ನಮ್ಮ ಅತ್ತಿಯ ಕಣಜದ ಹತ್ತಿರದ ಬಂಧುವೇ, ಗಾಳಿಯ ಬೆನ್ನೇರಿ, ಬೆಂಗಳೂರಿನಿಂದ ಮೈಸೂರಿಗಿಂತಲೂ ದೂರ ಅದನ್ನು ಹೊತ್ತೊಯ್ದಿತ್ತು.

ಹಾಗೆ ಹೋಗಿ ಮುಟ್ಟಿದವಳು ಅಲ್ಲಿ ಒಂಟಿ. ಬೇರೆ ಎಷ್ಟೋ ಕೀಟಗಳಿಗೆ ಹೊಸ ಜಾಗದಲ್ಲಿ ಜೊತೆ ಸಿಗದಿದ್ದರೆ ವಂಶವೇ ನಿಂತುಹೋಗುತ್ತದೆ. ಇವಳು ಬಸಿರಿಗೆ ಬೇಕಾದುದನ್ನೆಲ್ಲ ಒಡಲಲ್ಲೇ ತಂದಿದ್ದಾಳೆ. ಕಾಯಿಯ ಇಕ್ಕಟ್ಟಾದ ಬಾಯಿಯೊಳಗೆ ನುಗ್ಗುವಾಗ ರೆಕ್ಕೆ ಮುರಿದುಹೋದರೂ ಚಿಂತೆಯಿಲ್ಲ. ಅವಳೊಬ್ಬಳಿಂದಲೇ ಒಂದು ಸಂಸಾರ ಶುರು!

ಅದರಲ್ಲೂ ಎಂಥ ಲೆಕ್ಕಾಚಾರ! ಈ ಕಣಜಗಳಲ್ಲಿ ಫಲಿತವಾಗದ ಮೊಟ್ಟೆ ಗಂಡಾಗುತ್ತದೆ, ಫಲಿತವಾದದ್ದು ಹೆಣ್ಣಾಗುತ್ತದೆ. ತಾಯಿ ಒಬ್ಬಳೇ ಆದರೆ ಅವಳ ಗಂಡುಮಕ್ಕಳು ಕೂಡುವುದು ಸ್ವಂತ ಅಕ್ಕತಂಗಿಯರನ್ನೇ. ಬಹಳ ಗಂಡುಗಳಿದ್ದರೆ ಅಣ್ಣತಮ್ಮಂದಿರೇ ಪೈಪೋಟಿಗಿಳಿಯಬೇಕು. ಹಾಗಾಗಿ ಅವಳು ಕೆಲವೇ ಗಂಡು ಹೆತ್ತು, ಉಳಿದದ್ದೆಲ್ಲ ಹೆಣ್ಣು ಹೆರುತ್ತಾಳೆ. ಅಂದರೆ ಹಾರಬಲ್ಲವರೇ ಹೆಚ್ಚು. ಅದೇ ಕಾಯಿಗೆ ಬೇರೆ ತಾಯಂದಿರೂ ಬಂದರೆ ಗಂಡುಗಳ ಪಾಲು ಏರುತ್ತದೆ. ಇಂಥ ಲೆಕ್ಕದ ತರ್ಕವನ್ನು 1967ರಲ್ಲಿ ಬಿಡಿಸಿಟ್ಟವರು ಬ್ರಿಟನ್ನಿನ ಜೀವವಿಜ್ಞಾನಿ ಡಬ್ಲ್ಯೂ. ಡಿ. ಹ್ಯಾಮಿಲ್ಟನ್.

ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ಅವರು 1979ರಲ್ಲಿ ಬರೆದದ್ದು. ಈ ಕಾಯಿಗಳಲ್ಲಿ ಪರಾಗ ಹೊರದೆ ಬಿಟ್ಟಿ ಬಾಳುವ ಬೇರೆ ಕಣಜಗಳೂ ಇವೆ. ಒಂದು ಜಾತಿಯ ಮರಿಗಳು ಒಂದೇ ಕಾಯಿಯಲ್ಲಿ ತುಂಬಿದ್ದರೆ ಅದರ ಗಂಡುಗಳಿಗೆ ರೆಕ್ಕೆಯಿಲ್ಲ, ಏಕೆಂದರೆ ಹೆಣ್ಣುಗಳೆಲ್ಲ ಪಕ್ಕದಲ್ಲೇ ಇವೆ. ಆ ಹೆಣ್ಣುಗಳಿಗಾಗಿ ಕೆಲವು ಜಾತಿಯ ಗಂಡುಗಳು ಕತ್ತರಿಯಂಥ ದವಡೆಗಳಿಂದ ಪ್ರಾಣ ಹೋಗುವವರೆಗೂ ಕಾದಾಡುತ್ತವೆ. ಕಾಯಿಗೆ ಒಂದೋ ಎರಡೋ ಮರಿಯಿರುವ ವಿರಳ ಜಾತಿಗಳಲ್ಲಿ ಗಂಡಿಗೂ ರೆಕ್ಕೆ, ಏಕೆಂದರೆ ಹೆಣ್ಣನ್ನು ಹೊರಗೆ ಹೋಗಿಯೇ ಹುಡುಕಬೇಕು. ಇನ್ನು ಕೆಲವು ಜಾತಿಗಳಲ್ಲಂತೂ ಎರಡೂ ಬಗೆಯ ಗಂಡುಗಳುಂಟು: ರೆಕ್ಕೆಯಿಲ್ಲದೆ ಒಳಗೇ ಉಳಿಯುವವನು, ರೆಕ್ಕೆ ಬಿಚ್ಚಿ ಹೊರಗೆ ಹಾರುವವನು!