ಏರೋಪ್ಲೇನ್ ಚಿಟ್ಟೆಯ ಬೇಟೆ



ಮುಂಗಾರು ಹಿಂದೆ ಸರಿಯುವ ಕಾಲದಲ್ಲಿ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಗೆ ಹೋದವರು, ಅಣೆಕಟ್ಟಿನ ಕೆಳಗಣ ಬಯಲಿನಲ್ಲಿ ಹೊಂಬಣ್ಣದ, ನಾಲ್ಕು ರೆಕ್ಕೆಯ ಹುಳುಗಳು ಗುಂಪುಗುಂಪಾಗಿ ತೇಲಾಡುವುದನ್ನು ಕಂಡಿರಬಹುದು. ನಮ್ಮ ಹುಡುಗರು ಇವನ್ನು ಏರೋಪ್ಲೇನ್ ಚಿಟ್ಟೆ ಎನ್ನುತ್ತಾರೆ. ಬಾಲಕ್ಕೆ ದಾರ ಕಟ್ಟಿ ಹಾರಿಸುವ ಪಾಪವನ್ನು ಬಾಲ್ಯದಲ್ಲಿ ನಾನೂ ಮಾಡಿದವನೇ. ಆದರೆ ಇದು ಚಿಟ್ಟೆಯ ಕುಲಕ್ಕೆ ಸೇರಿದುದಲ್ಲ. ಹೂವಿನ ಗೊಡವೆಯೇ ಇದಕ್ಕಿಲ್ಲ. ಇದು ಅಪ್ಪಟ ಬೇಟೆಗಾರ.

ಎಂಥ ಬೇಟೆಗಾರ? ಸಿಂಹವು ಹಲವು ಸಲ ಮೇಲೆ ಬಿದ್ದು ಒಂದು ಸಲ ಗೆಲ್ಲುತ್ತದೆ. 2000ದಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಈ ಬಳಗದ ಹುಳುಗಳು ನೂರಕ್ಕೆ 97 ಸಲ ಗುರಿ ಮುಟ್ಟಿದುವು. ಇದರ ಗುಟ್ಟು ಬರಿಯ ವೇಗದಲ್ಲಿಲ್ಲ. ಓಡುವ ಕಳ್ಳನ ಬೆನ್ನು ಹತ್ತಿದವನು ಹಿಂದೆ ಬೀಳಬಹುದು. ಅವನು ಯಾವ ಓಣಿಯಿಂದ ಹೊರಬೀಳುವನೆಂದು ತಿಳಿದು ಅಲ್ಲಿ ಮೊದಲೇ ನಿಂತವನಿಗೆ ಆ ಕಷ್ಟವಿಲ್ಲ. ನೊಣವು ಈಗ ಇರುವೆಡೆಗಲ್ಲ, ಮುಂದೆ ಬರಲಿರುವೆಡೆಗೆ ಈ ಹುಳು ಹಾರುತ್ತದೆ.

ಇದಕ್ಕೆ ತಕ್ಕ ದೇಹರಚನೆಯೂ ಇದೆ. ತಲೆಯ ಬಹುಭಾಗವನ್ನು ಕಣ್ಣುಗಳೇ ಆಕ್ರಮಿಸಿವೆ. ದೊಡ್ಡ ಜಾತಿಗಳಲ್ಲಿ ಒಂದೊಂದು ಕಣ್ಣಿನಲ್ಲಿಯೂ 30,000ದ ಹತ್ತಿರ ಕಿರುಗಣ್ಣುಗಳಿರುತ್ತವೆ. ಕತ್ತು ಎತ್ತ ಬೇಕಾದರೂ ಹೊರಳುವುದರಿಂದ, ಮೈ ಹೇಗೆ ತಿರುಗಿದರೂ ಬೇಟೆಯು ಕಣ್ಣಿನ ಒಂದೇ ಎಡೆಯಲ್ಲಿ ನಿಲ್ಲುತ್ತದೆ. ನೊಣದ ರೆಕ್ಕೆಗಳು ಎದೆಗೂಡಿನ ಅದಿರಾಟದಿಂದ ಆಡುತ್ತವೆ. ಇದರ ರೆಕ್ಕೆಗಳ ಬುಡಕ್ಕಾದರೋ ಸ್ನಾಯುಗಳು ನೇರವಾಗಿ ಅಂಟಿಕೊಂಡಿವೆ. ಆದಕಾರಣ ನಾಲ್ಕನ್ನೂ ಬೇರೆಬೇರೆಯಾಗಿ ಆಡಿಸಿ, ನಿಂತಲ್ಲೇ ನಿಲ್ಲಬಲ್ಲುದು, ಹಿಮ್ಮೊಗವಾಗಿಯೂ ಹಾರಬಲ್ಲುದು. ಕಾಲುಗಳು ನಡೆಯಲು ಬಾರವು. ಮುಂದಕ್ಕೆ ಬಾಗಿದ ಆ ಮುಳ್ಳುಗಾಲುಗಳು ಕೂಡಿಕೊಂಡರೆ ಒಂದು ಬುಟ್ಟಿ. ಗಾಳಿಯಲ್ಲೇ ನೊಣವನ್ನು ಅದರಲ್ಲಿ ಹಿಡಿದು, ಗಾಳಿಯಲ್ಲೇ ಅಗಿದು ಮುಗಿಸುತ್ತದೆ.

ಇದರ ಮರಿ ಇರುವುದು ನೀರಿನಲ್ಲಿ. ಅಲ್ಲಿ ರೆಕ್ಕೆಯಿಲ್ಲ, ಬದಲಿಗೆ ಮಡಿಚಿಟ್ಟ ಕೆಳದುಟಿಯೊಂದು ಕೊಕ್ಕೆಗಳೊಡನೆ ಥಟ್ಟನೆ ಮುಂದಕ್ಕೆ ಚಾಚಿ ಸೊಳ್ಳೆಯ ಮರಿಗಳನ್ನು ಸೆಳೆದುಕೊಳ್ಳುತ್ತದೆ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರಲ್ಲಿ ತುಂಬಿ ಹರಿದ ಬಳಿಕ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಹೀಗೆ ನೀರಿನ ನೆಚ್ಚಿಕೆಯಿಲ್ಲದ ಸೀಮೆಗೆ ನಾನು ಮೊದಲು ಹೇಳಿದ ಹೊಂಬಣ್ಣದ ಜಾತಿಯೇ ಒಪ್ಪುವಂಥದು. ಶಾಸ್ತ್ರಜ್ಞರು ಪಂಟಾಲ ಫ್ಲಾವೆಸೆನ್ಸ್ ಎಂದು ಕರೆಯುವ ಇದರ ಮರಿ ಮಳೆನೀರಿನ ಗುಂಡಿಯಲ್ಲಿಯೂ ಸುಮಾರು ಎರಡು ತಿಂಗಳೊಳಗೆ ಬೆಳೆದು ಹಾರಿಹೋಗುತ್ತದೆ.

ಸೊಳ್ಳೆಯ ಭಯದಿಂದ ನಾವು ಕಂಡ ಕಂಡ ಹೊಂಡಕ್ಕೆ ಸೀಮೆಎಣ್ಣೆ, ಕೀಟನಾಶಕಗಳನ್ನು ಸುರಿಯುವುದುಂಟು. ಈ ಹುಳುವೊಂದರಿಂದಲೇ ಸೊಳ್ಳೆಯ ಕಾಟ ನೀಗುವುದೆಂದು ನಾನು ಹೇಳಲಾರೆ. ಹಗಲಿನಲ್ಲಿ ಬೇಟೆಯಾಡುವ ಇದಕ್ಕೆ ಇರುಳಿನ ಸೊಳ್ಳೆ ಅಷ್ಟಾಗಿ ಸಿಕ್ಕದು. ಆದರೆ ಸೊಳ್ಳೆಯು ಹತ್ತು ದಿನಗಳಲ್ಲಿ ಮತ್ತೆ ಮೊಳೆಯುತ್ತದೆ. ಅದನ್ನು ತಿನ್ನುವ ಮರಿಗೆ ತಿಂಗಳುಗಳು ಬೇಕು. ವಿಷವಿಕ್ಕಿದ ನೀರಿಗೆ ಮೊದಲು ಮರಳುವವರು ಯಾರೆಂಬುದನ್ನು ತಾವೇ ಎಣಿಸಿಕೊಳ್ಳಬಹುದು.

ಚಿತ್ರದುರ್ಗದ ಕೋಟೆಗೆ ಹೋದಾಗ ಅಕ್ಕತಂಗಿಯರ ಹೊಂಡದ ಅಂಚಿನ ಹುಲ್ಲುಕಡ್ಡಿಗಳನ್ನು ಒಮ್ಮೆ ನೋಡಿರಿ. ಬೆನ್ನು ಸೀಳಿದ ಒಣ ಪೊರೆಯೇನಾದರೂ ಅಂಟಿಕೊಂಡಿದ್ದರೆ ಮೆಲ್ಲಗೆ ತೆಗೆದು ಕೆಳಭಾಗವನ್ನು ತಿರುಗಿಸಿರಿ. ಆ ಮಡಿಚಿದ ತುಟಿಯು ಆಗಲೂ ಹಾಗೆಯೇ ಇರುತ್ತದೆ.