ಪೈಪು ಜೋಡಣೆ: ಬಿಗಿ ಎಷ್ಟಿರಬೇಕು?

ಗುಡೇಕೋಟೆ (ವಿಜಯನಗರ ಜಿಲ್ಲೆ): ಒನಕೆ ಓಬವ್ವನ ತವರೆಂದು ಹೆಸರಾದ, ಕಲ್ಲುಬೆಟ್ಟಗಳ ನಡುವಿನ ಈ ಊರು ಇರುವ ಕೂಡ್ಲಿಗಿ ತಾಲ್ಲೂಕಿನಂಥ ಬಯಲುಸೀಮೆಯಲ್ಲಿ ನೀರೆಂದರೆ ಬಹುಮಟ್ಟಿಗೆ ಕೊಳವೆಬಾವಿಯ ನೀರು. ಆಳದಿಂದ ಮೇಲೆತ್ತಿದ ಈ ನೀರು ಮನೆಯ ನಲ್ಲಿಯನ್ನು ತಲುಪುವ ಮುನ್ನ ಹತ್ತಾರು ಜೋಡಣೆಗಳನ್ನು ದಾಟುತ್ತದೆ. ಒಂದೇ ಜೋಡಣೆಯಿಂದ ಸೆಕೆಂಡಿಗೊಂದು ಹನಿ ಸೋರಿದರೆ, 20 ಹನಿಗೆ ಒಂದು ಮಿಲಿಲೀಟರ್ ಎಂದು ಲೆಕ್ಕ ಹಿಡಿದರೂ, ವರ್ಷಕ್ಕೆ 1,500 ಲೀಟರಿಗೂ ಹೆಚ್ಚು ನೀರು ವ್ಯರ್ಥವಾಗುತ್ತದೆ.

ಸೋರಿಕೆ ಕಂಡೊಡನೆ ಪೈಪ್ ರೆಂಚ್ ಹಿಡಿದು ಇನ್ನಷ್ಟು ಬಿಗಿ ಮಾಡುವುದು ಸಾಮಾನ್ಯ ರೂಢಿ. ಆದರೆ ಅತಿಯಾದ ಬಿಗಿಯೇ ಹಲವು ಬಾರಿ ಸೋರಿಕೆಗೆ ಕಾರಣವಾಗುತ್ತದೆ.

ಬೆಣೆಯಂತೆ ಕೂರುವ ಥ್ರೆಡ್

ಬೋಲ್ಟಿನ ಥ್ರೆಡ್ ಉದ್ದಕ್ಕೂ ಒಂದೇ ದಪ್ಪವಿರುತ್ತದೆ. ಜಿ.ಐ. ಪೈಪಿನ ತುದಿಯ ಥ್ರೆಡ್ ಹಾಗಲ್ಲ. ಒತ್ತಡ ತಡೆಯಬೇಕಾದ ಪೈಪ್ ಥ್ರೆಡ್‌ಗಳಿಗಾಗಿ ಇರುವ ಭಾರತೀಯ ಮಾನಕ ಐಎಸ್ 554ರ ಪ್ರಕಾರ, ಅದು 16 ಮಿ.ಮೀ. ಉದ್ದಕ್ಕೆ ಒಂದು ಮಿ.ಮೀ.ನಂತೆ ದಪ್ಪವಾಗುತ್ತ ಹೋಗುತ್ತದೆ. ಒಂದು ಇಂಚಿನ ಪೈಪನ್ನು ಒಂದು ಸುತ್ತು ತಿರುಗಿಸಿದರೆ ಅದು ಸುಮಾರು 2.3 ಮಿ.ಮೀ. ಒಳಗೆ ಸರಿಯುತ್ತದೆ, ಸಾಕೆಟ್ಟಿನ ಬಾಯಿಯಲ್ಲಿ 0.14 ಮಿ.ಮೀ.ನಷ್ಟು ಹೆಚ್ಚು ದಪ್ಪನಾದ ಭಾಗ ಬಂದು ಕೂರುತ್ತದೆ. ಅಂದರೆ ಪ್ರತಿ ಸುತ್ತೂ ಬೆಣೆ ಬಡಿದಂತೆ. ಮಿತಿ ಮೀರಿದರೆ ತೆಳುವಾದ ಹಿತ್ತಾಳೆ ನಲ್ಲಿ ಅಥವಾ ಎರಕದ ಎಲ್ಬೋ ಸೀಳುತ್ತದೆ. ಪ್ಲಾಸ್ಟಿಕ್ ಸಾಕೆಟ್ಟಿಗೆ ಲೋಹದ ಪೈಪು ತಿರುಗಿಸುವಾಗ ಈ ಅಪಾಯ ಇನ್ನೂ ಹೆಚ್ಚು.

ಎಷ್ಟು ಸುತ್ತು?

ಅರ್ಧ ಇಂಚಿನಿಂದ ಒಂದು ಇಂಚಿನವರೆಗಿನ ಲೋಹದ ಜೋಡಣೆಗಳಿಗೆ ಸಾಮಾನ್ಯ ನಿಯಮ ಸರಳ: ಮೊದಲು ಕೈಯಿಂದ ತಿರುಗುವಷ್ಟು ತಿರುಗಿಸಬೇಕು, ಬಳಿಕ ರೆಂಚಿನಿಂದ ಒಂದೂವರೆಯಿಂದ ಎರಡು ಸುತ್ತು. ಬಿಗಿಯಾದ ಮೇಲೂ ಕೆಲವು ಥ್ರೆಡ್ ಹೊರಗೆ ಕಾಣುತ್ತಿರುವುದು ಸಹಜ. ಎಲ್ಬೋ ಅಥವಾ ನಲ್ಲಿಯ ದಿಕ್ಕು ಸರಿಹೊಂದದಿದ್ದರೆ ಹಿಂದಕ್ಕೆ ತಿರುಗಿಸಬಾರದು, ಸೀಲು ಹರಿಯುತ್ತದೆ. ಬಿಚ್ಚಿ, ಒರೆಸಿ, ಹೊಸ ಟೇಪು ಸುತ್ತಿ ಜೋಡಿಸಬೇಕು.

ಥ್ರೆಡ್‌ಗಳ ನಡುವೆ ಉಳಿಯುವ ಸುರುಳಿಯಾಕಾರದ ಸಂದನ್ನು ಮುಚ್ಚುವುದು ಬಿಗಿಯಲ್ಲ, ಟೆಫ್ಲಾನ್ ಟೇಪು ಅಥವಾ ಪೇಸ್ಟು ಹಚ್ಚಿದ ನಾರು. ಪೈಪಿನ ತುದಿ ತಮ್ಮತ್ತ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಟೇಪನ್ನು ಮೂರ್ನಾಲ್ಕು ಸುತ್ತು ಸುತ್ತಬೇಕು. ಟೇಪು ಜಾರುವ ಗುಣದ್ದು. ಅದನ್ನು ಸುತ್ತಿದಾಗ ಪೈಪು ಸಲೀಸಾಗಿ ತಿರುಗುವುದರಿಂದ ಅತಿಯಾಗಿ ಬಿಗಿಯಾದದ್ದು ಕೈಗೆ ತಿಳಿಯುವುದಿಲ್ಲ. ಆದ್ದರಿಂದ ಕೈಯ ಅಂದಾಜಿಗಿಂತ ಸುತ್ತಿನ ಎಣಿಕೆಯೇ ನಂಬಲರ್ಹ. ರಬ್ಬರ್ ವಾಷರ್ ಇರುವ ಜೋಡಣೆಗೆ ಈ ಲೆಕ್ಕ ಅನ್ವಯಿಸದು. ಅಲ್ಲಿ ನೀರು ತಡೆಯುವುದು ವಾಷರ್. ಕೈಬಿಗಿಯ ಮೇಲೆ ಕಾಲು ಸುತ್ತು ಸಾಮಾನ್ಯವಾಗಿ ಸಾಕು.

ಕೊಳವೆಬಾವಿಯ ಲೆಕ್ಕ ಬೇರೆ

ಬಾವಿಯೊಳಗೆ ಇಳಿಸುವ ಪೈಪುಗಳ ಜೋಡಣೆ ನೀರು ತಡೆಯುವುದಷ್ಟೇ ಅಲ್ಲ, ಪಂಪಿನ ಭಾರವನ್ನೂ ಹೊರಬೇಕು. ಮೋಟಾರು ಚಾಲೂ ಆದಾಗಲೆಲ್ಲ ಇಡೀ ಪೈಪಿನ ಸಾಲು ತಿರುಚುವಿಕೆಗೆ ಒಳಗಾಗುತ್ತದೆ. ಸಡಿಲ ಜೋಡಣೆ ಕ್ರಮೇಣ ಬಿಚ್ಚಿಕೊಂಡರೆ ಮೋಟಾರು ಸಮೇತ ಪಂಪು ಬಾವಿಯ ಪಾಲು. ಹೀಗಾಗಿ ಪ್ರತಿ ಅಶ್ವಶಕ್ತಿಗೆ ಕನಿಷ್ಠ 13.6 ನ್ಯೂಟನ್ ಮೀಟರ್ ಬಲದಲ್ಲಿ ಬಿಗಿಗೊಳಿಸುವಂತೆ ಫ್ರಾಂಕ್ಲಿನ್ ಎಲೆಕ್ಟ್ರಿಕ್ ಕಂಪನಿಯ ಮೋಟಾರ್ ಕೈಪಿಡಿ ಸೂಚಿಸುತ್ತದೆ. 10 ಅಶ್ವಶಕ್ತಿಯ ಮೋಟಾರಿಗೆ, ಅರ್ಧ ಮೀಟರ್ ಹಿಡಿಯ ರೆಂಚಿನ ತುದಿಯಲ್ಲಿ ಸುಮಾರು 28 ಕೆ.ಜಿ. ಭಾರ ಹಾಕಿದಷ್ಟು ಬಲ ಅದು.

ಸರಿಯಾಗಿ ಸುತ್ತು ಎಣಿಸಿ ಬಿಗಿ ಮಾಡಿದ ಮೇಲೂ ನೀರು ಜಿನುಗಿದರೆ ದೋಷ ಥ್ರೆಡ್ಡಿನಲ್ಲಿ ಅಥವಾ ಟೇಪಿನಲ್ಲಿರುತ್ತದೆ. ಅಂಥ ಜೋಡಣೆಯನ್ನು ಬಿಚ್ಚಿ ನೋಡುವುದೇ ದಾರಿ. ಗೋಡೆ ಮುಚ್ಚಿ ಟೈಲ್ಸ್ ಹಾಕುವ ಮುನ್ನವೇ ನೀರು ಬಿಟ್ಟು ಪರೀಕ್ಷಿಸಿದರೆ ಮುಂದೆ ಗೋಡೆ ಒಡೆಸುವ ಖರ್ಚು ಉಳಿಯುತ್ತದೆ.