ಎಲೆಗೆ ಬಿದ್ದ ಹನಿ ಏಕೆ ನಿಲ್ಲುವುದಿಲ್ಲ?

ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲವೆಂಬುದು ಮಲೆನಾಡಿನ ಮಕ್ಕಳಿಗೂ ತಿಳಿದ ವಿಷಯ. ಹನಿ ಮುತ್ತಿನಂತೆ ಉರುಳಿ ಹೋಗುತ್ತದೆ, ಎಲೆ ಒದ್ದೆಯಾಗುವುದಿಲ್ಲ. ನಮ್ಮ ಔಷಧಿ ಸಿಂಪರಣೆಯಲ್ಲಿಯೂ ಇದೇ ಸಂಗತಿ, ಇಷ್ಟು ಎದ್ದು ಕಾಣದಂತೆ, ನಡೆಯುತ್ತಿರುತ್ತದೆ. ಮೈಲುತುತ್ತಕ್ಕೆ, ಸುಣ್ಣಕ್ಕೆ, ಮರ ಹತ್ತುವವರ ಕೂಲಿಗೆ ಹಣ ತೆತ್ತು ಮೇಲಕ್ಕೆ ಕಳುಹಿಸಿದ ಔಷಧಿಯಲ್ಲಿ ಒಂದು ಪಾಲು ಗೊನೆಯನ್ನು ಮುಟ್ಟಿಯೂ ಅಲ್ಲಿ ನಿಲ್ಲದೆ ಬುಡಕ್ಕೆ ಬೀಳುತ್ತದೆ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಹಾಗೆ ಬಿದ್ದದ್ದು ವರ್ಷ ವರ್ಷವೂ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ.

ಈ ಹನಿಯ ವಿಚಾರವನ್ನು ಅಮೆರಿಕೆಯ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ (ಎಂ.ಐ.ಟಿ.) ಪಿಎಚ್.ಡಿ.ಗಾಗಿ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿಗಳು ಒಬ್ಬರ ನಂತರ ಒಬ್ಬರು ಕೈಗೆತ್ತಿಕೊಂಡರು. ಅವರ ಮಾರ್ಗದರ್ಶಕರು ಮದರಾಸಿನ ಐ.ಐ.ಟಿ.ಯಲ್ಲಿ ಓದಿದ ಪ್ರೊಫೆಸರ್ ಕೃಪಾ ವಾರಣಾಸಿ. ವಸ್ತುವಿನ ಮೇಲ್ಮೈಗೂ ಅದನ್ನು ಮುಟ್ಟುವ ದ್ರವಕ್ಕೂ ಇರುವ ಸಂಬಂಧವೇ ಅವರ ಪ್ರಯೋಗಶಾಲೆಯ ಅಧ್ಯಯನ. ವಸ್ತುವಿಜ್ಞಾನವೆಂದರೆ ಉಕ್ಕು, ಸಿಮೆಂಟು, ಪ್ಲಾಸ್ಟಿಕ್ ಎಂದಷ್ಟೇ ಹಲವರು ತಿಳಿದಿದ್ದಾರೆ. ಎಲೆಯ ಮೇಲಿನ ಮೇಣವೂ ಒಂದು ವಸ್ತುವೇ ತಾನೆ!

ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ನೋಡಿದರೆ ಹನಿಯ ಆಟ ಬೇರೆಯೇ ಆಗಿ ಕಾಣುತ್ತದೆ. ವೇಗದಿಂದ ಬಂದ ಹನಿ ಎಲೆಗೆ ಬಡಿದೊಡನೆ ರೊಟ್ಟಿಯಂತೆ ಚಪ್ಪಟೆಯಾಗಿ ಹರಡುತ್ತದೆ. ನೀರಿನ ಮೇಲ್ಮೈಗೆ ತನ್ನನ್ನು ತಾನೇ ಬಿಗಿದುಕೊಳ್ಳುವ ಗುಣವಿದೆ. ಆ ಎಳೆತದಿಂದ ಹರಡಿದ ಹನಿ ಮತ್ತೆ ಮುದುಡಿಕೊಳ್ಳುತ್ತದೆ. ಮೇಣದ ಮೈಗೆ ಅದನ್ನು ಹಿಡಿದುಕೊಳ್ಳುವ ಶಕ್ತಿಯಿಲ್ಲದ ಕಾರಣ ಚೆಂಡಿನಂತೆ ಪುಟಿದು ಹೊರಗೆ ಹಾರುತ್ತದೆ. ಒಂದೆರಡು ಮಿಲಿಮೀಟರಿನ ಹನಿಗೆ ಇಷ್ಟೆಲ್ಲ ಆಗಲು ಬೇಕಾದ ಕಾಲ ಸುಮಾರು ಸೆಕೆಂಡಿನ ನೂರನೆಯ ಒಂದು ಭಾಗ.

ಹಾಗಾದರೆ ಸಾಬೂನಿನಂಥ ಪದಾರ್ಥ ಸೇರಿಸಿದರೆ ಸಾಲದೆ ಎಂದು ಕೇಳಬಹುದು. ಸಾಬೂನು ನೀರಿನ ಬಿಗಿತವನ್ನು ಕಡಿಮೆ ಮಾಡುವುದು ನಿಜ. ಆದರೆ ಹನಿ ಹರಡಿದಾಗ ಹೊಸದಾಗಿ ಹುಟ್ಟುವ ಮೇಲ್ಮೈಗೆ ಸಾಬೂನಿನ ಕಣಗಳು ಒಳಗಿನಿಂದ ಬಂದು ಸೇರಬೇಕು. ಅವು ಬಂದು ಸೇರುವಷ್ಟರಲ್ಲಿ ಹನಿ ಪುಟಿದು ಹೋಗಿರುತ್ತದೆ. ಎಲೆಯ ಮೇಲೆ ಉಳಿದ ಹನಿಯನ್ನು ಹರಡಲು ಸಾಬೂನು ಒಳ್ಳೆಯದು. ಹಾರುವ ಹನಿಯನ್ನು ಹಿಡಿಯಲು ಅಷ್ಟು ಪ್ರಯೋಜನವಿಲ್ಲ.

ಮಾಹೆರ್ ದಮಾಕ್ ಎಂಬ ವಿದ್ಯಾರ್ಥಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಉಪಾಯ ಜಾಣತನದ್ದು. ಒಂದು ದ್ರವದಲ್ಲಿ ಧನ ವಿದ್ಯುದಂಶವುಳ್ಳ ಪಾಲಿಮರ್, ಇನ್ನೊಂದರಲ್ಲಿ ಋಣ ವಿದ್ಯುದಂಶವುಳ್ಳ ಪಾಲಿಮರ್ ಕರಗಿಸಿ ಎರಡನ್ನೂ ಒಟ್ಟಿಗೆ ಸಿಂಪಡಿಸಿದರು. ಎರಡು ಬಗೆಯ ಹನಿಗಳು ಎಲೆಯ ಮೇಲೆ ಸೇರಿದಾಗ, ಹಾಲು ಒಡೆದಂತೆ, ಅತಿ ಸಣ್ಣ ಗಸಿ ಮೇಣದ ಮೇಲೆ ಕೂರುತ್ತದೆ. ನೀರನ್ನು ಮೆಚ್ಚುವ ಆ ಗಸಿಯ ಚುಕ್ಕೆಗಳು ಮುದುಡುವ ಹನಿಯನ್ನು ಹಿಡಿದು ನಿಲ್ಲಿಸುತ್ತವೆ. ಈ ಕೆಲಸಕ್ಕೆ ಆ ಸಂಸ್ಥೆಯಲ್ಲಿದ್ದ ಟಾಟಾ ಕೇಂದ್ರದ ನೆರವಿತ್ತು.

ಅನಂತರ ವಿಷ್ಣು ಜಯಪ್ರಕಾಶ್ ಮತ್ತು ಸಂಗಡಿಗರು ಇನ್ನೂ ಸರಳವಾದದ್ದನ್ನು ತೋರಿಸಿದರು. ಪ್ರತಿ ಹನಿಗೂ ಅಡುಗೆ ಎಣ್ಣೆಯಂಥ ಸಸ್ಯದೆಣ್ಣೆಯ ತೆಳು ಹೊದಿಕೆ ಹಾಕುವುದು; ಎಣ್ಣೆಯ ಪ್ರಮಾಣ ಶೇಕಡ 1ಕ್ಕಿಂತ ಕಡಿಮೆ. ಎಣ್ಣೆ ಸವರಿದರೆ ಹನಿ ಜಾರಬೇಕಲ್ಲವೆ ಎನ್ನಿಸುವುದು ಸಹಜ. ಆಗುವುದು ಹಾಗಲ್ಲ. ಎಣ್ಣೆ ಮೇಣದ ಮೈಗೆ ಕೂಡಲೇ ಅಂಟಿ ಹನಿಯ ಸುತ್ತ ಉಂಗುರವಾಗುತ್ತದೆ, ಆ ಉಂಗುರದ ಮಂದಗತಿ ಹನಿಯ ಪುಟಿತವನ್ನು ಹೀರಿಕೊಳ್ಳುತ್ತದೆ. ಎಲೆಕೋಸಿನಂಥ ಬೆಳೆಗಳ ಎಲೆಗಳ ಮೇಲೆ ಇದನ್ನು ಪರೀಕ್ಷಿಸಿದರು. ಈ ವಿದ್ಯಾರ್ಥಿ ಮತ್ತು ಪ್ರೊಫೆಸರ್ ಸೇರಿ ಆಗ್‌ಜೆನ್ ಎಂಬ ಸಂಸ್ಥೆಯನ್ನೂ ಆರಂಭಿಸಿದರು.

ನಮ್ಮ ತೋಟಗಳಿಗೆ ಇದರಿಂದೇನು? ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. ಔಷಧಿ ಕೈಬಿಟ್ಟು ಹೋಗುವ ಸಂದರ್ಭಗಳು ಮೂರು: ಬಡಿದಾಗ ಪುಟಿಯುವುದು, ಹೆಚ್ಚಾಗಿ ಹರಿದು ತೊಟ್ಟಿಕ್ಕುವುದು, ಒಣಗಿದ ಮೇಲೆ ಮಳೆಗೆ ತೊಳೆದುಹೋಗುವುದು. ಈ ವಿದ್ಯಾರ್ಥಿಗಳು ಬಿಡಿಸಿದ್ದು ಮುಖ್ಯವಾಗಿ ಮೊದಲನೆಯದನ್ನು. ಅಡಿಕೆ ಗೊನೆಗೆ ನಾವು ತೊಯ್ಯುವಂತೆ ಹೊಡೆಯುತ್ತೇವೆ. ಅಲ್ಲಿ ಎರಡನೆಯ ಮತ್ತು ಮೂರನೆಯ ನಷ್ಟವೇ ಹೆಚ್ಚೆಂದು ನನ್ನ ಎಣಿಕೆ. ಮೈಸೂರು ಸಂಸ್ಥಾನದ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ ಪುಸ್ತಿಕೆ ಪ್ರಕಟಿಸಿದ್ದು 1910ರಲ್ಲಿ. ಅಂದಿನಿಂದ ಇಂದಿನವರೆಗೆ ಬೋರ್ಡೋ ಮಿಶ್ರಣದ ಎದುರಾಳಿ ಜಡಿಮಳೆಯೇ. ರಾಳ ಮತ್ತು ಸೋಡ ಕಾಯಿಸಿ ಸೇರಿಸುವ ಅಂಟು ಕೆಲಸ ಮಾಡುವುದು ಔಷಧಿ ಒಣಗಿದ ಮೇಲೆ. ಅಂಗಡಿಯಲ್ಲಿ ‘ಅಂಟು’ ಎಂದು ಕೊಡುವ ಡಬ್ಬಗಳಲ್ಲಿ ಕೆಲವು ಹನಿಯನ್ನು ಹರಡುವಂಥವು, ಕೆಲವು ಮಳೆಗೆ ತಡೆಯುವಂಥವು. ಕೊಳ್ಳುವಾಗ ಯಾವುದೆಂದು ಕೇಳಿ ತಿಳಿಯಬೇಕು.

ಕಾಫಿಯ ವಿಷಯ ಬೇರೆ. ಎಲೆ ತುಕ್ಕುರೋಗ ಒಳಗೆ ಹೋಗುವುದು ಎಲೆಯ ಅಡಿಭಾಗದಿಂದ. ಕೆಳಗಿನಿಂದ ಹೊಡೆದ ಶೇಕಡ 0.5ರ ಬೋರ್ಡೋ ಹನಿ ಪುಟಿದರೆ ನೇರ ನೆಲಕ್ಕೇ. ಹನಿ ಬಹಳ ಸಣ್ಣದಾದರೆ ಪುಟಿಯುವುದಿಲ್ಲ, ಆದರೆ ಗಾಳಿಯ ಪಾಲಾಗುತ್ತದೆ. ದಪ್ಪವಾದರೆ ಗುರಿ ಮುಟ್ಟಿ ಹಾರುತ್ತದೆ. ಸವೆದ ನಾಜಲ್ ದಪ್ಪ ಹನಿಯನ್ನೇ ಉಗುಳುತ್ತದೆ. ಹಂಗಾಮಿಗೆ ಮುಂಚೆ ಅದನ್ನು ಬದಲಿಸುವುದು ಇವತ್ತೇ ಕೈಗೆಟಕುವ ಕೆಲಸ.

ಇದನ್ನು ಓದಿ ಯಾರೂ ಪೀಪಾಯಿಗೆ ಕೊಬ್ಬರಿ ಎಣ್ಣೆ ಸುರಿಯಬಾರದು. ಸುಮ್ಮನೆ ಸುರಿದ ಎಣ್ಣೆ ಮೇಲೆ ತೇಲುತ್ತದೆ, ಪ್ರತಿ ಹನಿಗೂ ಹೊದಿಕೆಯಾಗುವುದಿಲ್ಲ. ರಬ್ಬರ್ ತೋಟಗಳಲ್ಲಿ ತಾಮ್ರದ ಔಷಧಿಯನ್ನು ಎಣ್ಣೆಯಲ್ಲಿ ಕಲಸಿ ಸಿಂಪಡಿಸುವುದುಂಟು. ಅದು ಅದಕ್ಕೆಂದೇ ತಯಾರಿಸಿದ ಎಣ್ಣೆ ಮತ್ತು ಔಷಧಿ. ಎರಡು ಪಾಲಿಮರ್ ದ್ರವಗಳನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿದರೆ ಗಸಿ ಅಲ್ಲಿಯೇ ಕೂರುತ್ತದೆ. ಹೊಸ ಅಂಟು ಯಾವುದೇ ಇರಲಿ, ಮೊದಲು ಒಂದು ಗಾಜಿನ ಸೀಸೆಯಲ್ಲಿ ಬೋರ್ಡೋ ಜತೆ ಬೆರೆಸಿ ಅರ್ಧ ಗಂಟೆ ಇಟ್ಟು ನೋಡಿ. ಗಡ್ಡೆ ಕಟ್ಟಿದರೆ ಅಥವಾ ಕೂಡಲೇ ತಳದಲ್ಲಿ ಇಳಿದರೆ ಅದನ್ನು ಮರಕ್ಕೆ ಹೊಡೆಯಬೇಡಿ.